ಕುಸಿದ ಗುಡ್ಡದ ದಾಖಲೆ: ಪಶ್ಚಿಮ ಘಟ್ಟದ ಭೂಕುಸಿತ ಮಾದರಿಗಳು ಮತ್ತು ಭೂದತ್ತಾಂಶದ ಹಂಚಿಕೆ

ಗುಡ್ಡವೊಂದು ಕುಸಿಯುವ ಸಾಧ್ಯತೆಯನ್ನು ಲೆಕ್ಕ ಹಾಕಲು ನಾಲ್ಕು ಬಗೆಯ ಮಾಹಿತಿ ಬೇಕು: ನೆಲದ ಏರಿಳಿತ, ನೆಲದಡಿಯ ಕಲ್ಲುಮಣ್ಣು, ಮೇಲೆ ಸುರಿದ ಮಳೆ, ಹಿಂದೆ ಎಲ್ಲಿ ಯಾವಾಗ ಕುಸಿದಿತ್ತು ಎಂಬ ದಾಖಲೆ. ಇವನ್ನು ಅಕ್ಷಾಂಶ ರೇಖಾಂಶಗಳಿಗೆ ಕಟ್ಟಿ, ಒಂದರ ಮೇಲೊಂದು ಹೊಂದಿಸಿ ನೋಡಲು ಬರುವಂತೆ ಮಾಡಿದಾಗ ಅದು ಭೂದತ್ತಾಂಶ. ಮೊದಲನೆಯದು ಈಗ ಉಪಗ್ರಹಗಳಿಂದ ಪುಕ್ಕಟೆಯಾಗಿ ಸಿಗುತ್ತದೆ. ಎರಡನೆಯದು ಜಿಎಸ್‌ಐ ಎಂದೇ ಪರಿಚಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆಗಳಲ್ಲಿದೆ. ಮೂರನೆಯದನ್ನು ಅಳೆಯುವ ಯಂತ್ರಗಳು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಬಂದಿವೆ. ಕೊರತೆಯಿರುವುದು ನಾಲ್ಕನೆಯದರಲ್ಲಿ. ಗಣಿತ ಎಷ್ಟೇ ಸೊಗಸಾಗಿರಲಿ, ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಈ ಕೊರತೆಯನ್ನು ತುಂಬಲಾರವು. ಪಶ್ಚಿಮ ಘಟ್ಟದ ಭೂಕುಸಿತ ಮಾದರಿಗಳ ದೋಷಗಳು ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಘಟ್ಟದ ಕುಸಿತಗಳು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದು ನಿಂತದ್ದು 2018ರ ಆಗಸ್ಟಿನಲ್ಲಿ. ಭೂಕುಸಿತವೆಂದರೆ ಹಿಮಾಲಯದ ಸಂಗತಿ ಎಂಬ ಭಾವನೆ ಅಲ್ಲಿಯವರೆಗೆ ಬಲವಾಗಿಯೇ ಇತ್ತು. ಆ ತಿಂಗಳ ನಡುವಿನ ಕೆಲವೇ ದಿನಗಳಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಮಕ್ಕಂದೂರು ಸುತ್ತಿನ ಗುಡ್ಡಗಳು ತೋಟ, ಗದ್ದೆ, ಮನೆಗಳ ಸಮೇತ ಜಾರಿದವು. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿಯ ಒಂದು ಮಗ್ಗುಲು ಕುಸಿದು ಅರ್ಚಕರ ಮನೆಯನ್ನು ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು ಗಂಗಾವಳಿಗೆ ಇಳಿಯಿತು. ಅದರ ಹೊಡೆತಕ್ಕೆ ಎದ್ದ ಹೊಳೆನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಅದಾಗಿ ಎರಡು ವಾರಕ್ಕೆ, ಜುಲೈ 30ರ ನಡುರಾತ್ರಿ ಕಳೆದ ಮೇಲೆ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣಿನಡಿ ಹೋದವು.

ನಾಲ್ಕೂ ಮಳೆಗಾಲದ ಕುಸಿತಗಳೇ, ಆದರೆ ಒಂದೇ ಜಾತಿಯವಲ್ಲ. ಕೊಡಗಿನಲ್ಲಿ ಒಂದೇ ಮಳೆಯ ಹೊಡೆತಕ್ಕೆ ವಿಶಾಲ ಪ್ರದೇಶದಲ್ಲಿ ಚಿಕ್ಕವೂ ದೊಡ್ಡವೂ ಆದ ಕುಸಿತಗಳು ಒಟ್ಟಿಗೆ ಆದವು. ಶಿರೂರಿನದು ಹೆದ್ದಾರಿಗಾಗಿ ಬುಡ ಕತ್ತರಿಸಿದ ಒಂದೇ ಗುಡ್ಡದ ಕಥೆ. ವಯನಾಡಿನದು ಸುಮಾರು 1,550 ಮೀಟರ್ ಎತ್ತರದ ಕಾಡಿನಲ್ಲಿ ಶುರುವಾಗಿ, ಕಲ್ಲು, ಮರ, ಕೆಸರು ಬೆರೆತ ಪ್ರವಾಹವಾಗಿ ಹೊಳೆಯ ಪಾತ್ರ ಹಿಡಿದು 8 ಕಿಲೋಮೀಟರಿನಷ್ಟು ಓಡಿದ್ದು. ರಸ್ತೆ ಬದಿಯ ಬರೆ ಕುಸಿತವನ್ನೂ ಇಂಥ ಕೆಸರಿನ ಪ್ರವಾಹವನ್ನೂ ಪಟ್ಟಿಯ ಒಂದೇ ಕಾಲಮ್ಮಿನಲ್ಲಿ 'ಭೂಕುಸಿತ' ಎಂದು ಬರೆದು ಕಂಪ್ಯೂಟರಿಗೆ ಕೊಟ್ಟರೆ, ಅದು ಎರಡಕ್ಕೂ ಒಪ್ಪುವ ಕಾರಣ ಹುಡುಕಲು ಹೋಗಿ ಯಾವುದಕ್ಕೂ ಒಪ್ಪದ ಉತ್ತರ ಕೊಡುತ್ತದೆ.

ಕುಸಿಯುವ ಕ್ರಿಯೆಯ ಭೌತಶಾಸ್ತ್ರ ಸರಳ. ಘಟ್ಟದ ಹಳೆಯ ಶಿಲೆಗಳು ಬಿಸಿಲು ಮಳೆಗೆ ಶಿಥಿಲವಾಗಿ ಮೇಲೆ ದಪ್ಪ ಮಣ್ಣಿನ ಹೊದಿಕೆ ಕಟ್ಟಿದೆ. ಕರಾವಳಿಯ ಕಡೆ ಗಟ್ಟಿ ಮುರಕಲ್ಲಿನ ಕೆಳಗೆ ಮೆತ್ತಗಿನ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ನಿಲ್ಲುತ್ತದೆ, ನೀರು ಕುಡಿದಾಗ ಜಾರುತ್ತದೆ. ಮಳೆನೀರು ಇಂಗಿದಂತೆ ಮಣ್ಣಿನ ಕಣಗಳ ನಡುವೆ ಒತ್ತಡ ಏರುತ್ತದೆ, ಕಣಗಳು ಒಂದನ್ನೊಂದು ಹಿಡಿದಿಟ್ಟುಕೊಳ್ಳುವ ಘರ್ಷಣೆ ಇಳಿಯುತ್ತದೆ, ತೇವದಿಂದ ಮಣ್ಣಿನ ತೂಕವೂ ಹೆಚ್ಚುತ್ತದೆ. ಹಿಡಿದಿಡುವ ಬಲವನ್ನು ಕೆಳಗೆಳೆಯುವ ಬಲದಿಂದ ಭಾಗಿಸಿದರೆ ಬರುವ ಅಂಕಿಗೆ ಸುರಕ್ಷತಾ ಗುಣಾಂಕ ಎನ್ನುತ್ತಾರೆ. ಅದು ಒಂದಕ್ಕಿಂತ ಕೆಳಗಿಳಿದರೆ ಗುಡ್ಡ ನಿಲ್ಲುವುದಿಲ್ಲ. ಬುಡ ಕತ್ತರಿಸುವುದು, ನೀರು ಹರಿದು ಹೋಗುವ ತೋಡು ಮುಚ್ಚುವುದು, ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು, ಇವೆಲ್ಲ ಆ ಅಂಕಿಯನ್ನು ಇಳಿಸುವ ಕೆಲಸಗಳೇ. ಬಯಲಿನಲ್ಲಿ ಪುಣ್ಯಕಾರ್ಯವಾದ ಇಂಗುಗುಂಡಿ ಘಟ್ಟದ ಇಳಿಜಾರಿನಲ್ಲಿ ಹಾಗೆ ಉಳಿಯುವುದಿಲ್ಲ.

ಇನ್ನು ನಾಲ್ಕನೆಯ ಮಾಹಿತಿ, ಅಂದರೆ ಹಿಂದಿನ ಕುಸಿತಗಳ ದಾಖಲೆಯಾದ ಕುಸಿತಪಟ್ಟಿ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಹೊರತಂದ ಭಾರತದ ಭೂಕುಸಿತ ಅಟ್ಲಾಸ್ 1998ರಿಂದ 2022ರ ನಡುವಿನ ಸುಮಾರು 80,000 ಕುಸಿತಗಳನ್ನು ಆಧರಿಸಿದೆ. 17 ರಾಜ್ಯ, 2 ಕೇಂದ್ರಾಡಳಿತ ಪ್ರದೇಶಗಳ 147 ಜಿಲ್ಲೆಗಳು ಅದರಲ್ಲಿ ಬರುತ್ತವೆ. ದೇಶದ ಮಟ್ಟದಲ್ಲಿ ಇದು ದೊಡ್ಡ ಕೆಲಸ. ಉಪಗ್ರಹ ಚಿತ್ರದಲ್ಲಿ ಹಸಿರಿನ ನಡುವೆ ಹೊಸದಾಗಿ ಕಾಣುವ ಕೆಂಪು ಗಾಯಗಳನ್ನು ಗುರುತಿಸಿ ಗೆರೆ ಎಳೆಯುವುದು ಇದರ ಮುಖ್ಯ ವಿಧಾನ. ವಿಧಾನದ ಮಿತಿಯೂ ಅಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮೋಡ ಕವಿದಿರುತ್ತದೆ. ಮೇ ತಿಂಗಳ ಚಿತ್ರದಲ್ಲಿ ಇಲ್ಲದ, ನವೆಂಬರಿನ ಚಿತ್ರದಲ್ಲಿ ಇರುವ ಗಾಯ ಈ ಎರಡರ ನಡುವೆ ಎಂದೋ ಒಂದು ದಿನ ಆದದ್ದು ಎಂದಷ್ಟೇ ಹೇಳಬಹುದು. ಎಷ್ಟು ಮಳೆಗೆ ಕುಸಿಯಿತು ಎಂದು ಲೆಕ್ಕ ಹಾಕಬೇಕಾದವರಿಗೆ ಆ 'ಎಂದೋ ಒಂದು ದಿನ' ಏನೂ ಸಾಲದು. ಅವರಿಗೆ ಬೇಕಾದದ್ದು ಗಂಟೆ.

ಮೋಡದ ಮೂಲಕ ನೋಡಬಲ್ಲ ರಾಡಾರ್ ಉಪಗ್ರಹಗಳಿವೆ. ವಯನಾಡಿನ ಕುಸಿತದ ಮರುದಿನವೇ, ಅಂದರೆ ಜುಲೈ 31ರಂದು, ಭಾರತದ ರಾಡಾರ್ ಉಪಗ್ರಹ ತೆಗೆದ ಚಿತ್ರವನ್ನು 2023ರ ಮೇ 22ರ ಕಾರ್ಟೊಸ್ಯಾಟ್-3 ಚಿತ್ರದೊಡನೆ ಹೋಲಿಸಿ, ಕುಸಿತದ ನೆತ್ತಿಯ ಭಾಗದಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜಾರಿದೆ ಎಂದು ಅಂದಾಜಿಸಲಾಯಿತು. ಆ ಹೋಲಿಕೆಯಲ್ಲಿ ಇನ್ನೊಂದು ಸಂಗತಿ ಕಂಡಿತು: ಅದೇ ಜಾಗದಲ್ಲಿ ಹಳೆಯ ಕುಸಿತವೊಂದರ ಗುರುತು ಹಿಂದಿನ ಚಿತ್ರದಲ್ಲೇ ಇತ್ತು. ಮುಂಡಕ್ಕೈ 1984ರಲ್ಲೂ ಕುಸಿತ ಕಂಡಿದ್ದ ಊರು. ಪಕ್ಕದ ಪುತ್ತುಮಲ 2019ರಲ್ಲಿ ಕುಸಿದಿತ್ತು. ದಾಖಲೆ ಇರಲಿಲ್ಲವೆಂದಲ್ಲ. ಬೇರೆ ಬೇರೆ ಕಡೆ ಬಿದ್ದಿದ್ದ ದಾಖಲೆ ಒಂದು ನಕ್ಷೆಯ ಮೇಲೆ, ಪಂಚಾಯಿತಿಯ ಮೇಜಿಗೆ ಬಂದಿರಲಿಲ್ಲ.

ಉಪಗ್ರಹಕ್ಕೆ ಕಾಣದ ಕುಸಿತಗಳೇ ಹೆಚ್ಚು. ಮರಗಳ ನೆರಳಿನಲ್ಲಿ ಆದ ಸಣ್ಣ ಜಾರಿಕೆ, ಮನೆಯ ಹಿಂದಿನ ಬರೆ, ಎರಡೇ ದಿನದಲ್ಲಿ ಜೆಸಿಬಿ ಬಂದು ಬಳಿದು ಹಾಕಿದ ರಸ್ತೆಯ ಮಣ್ಣು, ಇವು ಯಾವ ಚಿತ್ರದಲ್ಲೂ ಉಳಿಯುವುದಿಲ್ಲ. ಇವಕ್ಕೆ ಪತ್ರಿಕೆಗಳ ಜಿಲ್ಲಾಪುಟಗಳೇ ಒಳ್ಳೆಯ ಆಕರ. ಅಲ್ಲಿ ತಾರೀಖು ಇರುತ್ತದೆ, ಊರಿನ ಹೆಸರಿರುತ್ತದೆ, ಕೆಲವೊಮ್ಮೆ ಗಂಟೆಯೂ ಇರುತ್ತದೆ. ಆದರೆ ಪತ್ರಿಕೆ ಬರೆಯುವುದು ಸಂಚಾರ ನಿಂತ ಕಡೆಯ, ಮನೆ ಬಿದ್ದ ಕಡೆಯ ಸುದ್ದಿಯನ್ನು. ಯಾರೂ ಓಡಾಡದ ಕಾಡಿನ ಕುಸಿತವನ್ನಲ್ಲ. ಹೀಗೆ ಕಟ್ಟಿದ ಪಟ್ಟಿಯಲ್ಲಿ ರಸ್ತೆಯ ಅಕ್ಕಪಕ್ಕದ ಬಿಂದುಗಳೇ ತುಂಬಿರುತ್ತವೆ. ಅದನ್ನು ತಿಂದ ಮಾದರಿ, ಕುಸಿತಕ್ಕೆ ಮೊದಲ ಕಾರಣ ರಸ್ತೆಯ ಸಾಮೀಪ್ಯ ಎಂದು ಹೇಳುತ್ತದೆ. ಆ ಮಾತಿನಲ್ಲಿ ನಿಜವಿದೆ, ಶಿರೂರೇ ಸಾಕ್ಷಿ. ಎಷ್ಟು ಪಾಲು ನಿಜ, ಎಷ್ಟು ಪಾಲು ವರದಿಗಾರರ ದಾರಿ ಎಂದು ಬಿಡಿಸಿ ಹೇಳಲು ಮಾತ್ರ ಆ ಪಟ್ಟಿಯಿಂದ ಆಗದು.

ಸ್ಥಳ ಗುರುತಿಸುವಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪಿದೆ. ದುರಂತದ ಹೆಸರು ಸಾಮಾನ್ಯವಾಗಿ ಜನ ಸತ್ತ ಊರಿನ ಹೆಸರು. ಚೂರಲ್‌ಮಲದ ಶಾಲೆಯ ಬಳಿ, ಹೊಳೆಯ ದಡದಲ್ಲಿ ಬಿಂದುವಿಟ್ಟರೆ, ಅಲ್ಲಿನ ಇಳಿಜಾರು ತೀರ ಕಡಿಮೆ. ಹೊಳೆಯಂಚಿನ ತಗ್ಗುನೆಲವೇ ಕುಸಿಯುವ ನೆಲ ಎಂದು ಮಾದರಿ ಕಲಿಯುತ್ತದೆ. ನಿಜವಾಗಿ ಕುಸಿದ ಕಿಲೋಮೀಟರುಗಟ್ಟಲೆ ದೂರದ ಕಡಿದಾದ ನೆತ್ತಿ 'ಕುಸಿಯದ ನೆಲ'ದ ಲೆಕ್ಕಕ್ಕೆ ಸೇರುತ್ತದೆ. ಒಂದೇ ಬಿಂದುವಿನಿಂದ ಎರಡು ತಪ್ಪು ಪಾಠ. ಕುಸಿತ ಹುಟ್ಟಿದ ಜಾಗ, ಓಡಿದ ದಾರಿ, ನಿಂತ ಜಾಗ ಮೂರನ್ನೂ ಬೇರೆ ಬೇರೆ ಆಕೃತಿಗಳಾಗಿ ಬರೆದಿಡದ ಪಟ್ಟಿಯನ್ನು ಕೆಸರಿನ ಪ್ರವಾಹಗಳ ಅಧ್ಯಯನಕ್ಕೆ ಬಳಸದಿರುವುದೇ ಲೇಸು.

ನೆಲದ ಏರಿಳಿತದ ದತ್ತಾಂಶಕ್ಕೆ ಬಂದರೆ ಸಮೃದ್ಧಿಯ ಚಿತ್ರ ಕಾಣುತ್ತದೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ 11 ದಿನ ಹಾರಿ, 60 ಮೀಟರ್ ಉದ್ದದ ತೋಳಿನ ತುದಿಗೆ ಕಟ್ಟಿದ ಎರಡನೆಯ ರಾಡಾರ್ ಆಂಟೆನಾದ ನೆರವಿನಿಂದ ಭೂಮಿಯ ಬಹುಪಾಲು ನೆಲದ ಎತ್ತರ ಅಳೆಯಿತು. 2005ರ ಮೇ 5ರಂದು ಹಾರಿದ ಭಾರತದ ಕಾರ್ಟೊಸ್ಯಾಟ್-1, ಮುಂದಕ್ಕೂ ಹಿಂದಕ್ಕೂ ನೋಡುವ ಎರಡು ಕ್ಯಾಮೆರಾಗಳಿಂದ ಅದೇ ಕೆಲಸವನ್ನು ಜೋಡಿಚಿತ್ರಗಳಲ್ಲಿ ಮಾಡಿತು. ಈ ಎರಡೂ ಕಡೆಯ ಎತ್ತರಗಳು 30 ಮೀಟರ್ ಚೌಕಗಳಲ್ಲಿ ಈಗ ಯಾರಿಗೂ ಸಿಗುತ್ತವೆ. ಎರಡನೆಯದು ಇಸ್ರೊದ ಭುವನ್ ತಾಣದಲ್ಲಿದೆ. ಜರ್ಮನಿಯ ರಾಡಾರ್ ಜೋಡಿಯಿಂದ ಬಂದ ಕೊಪರ್ನಿಕಸ್ ಎತ್ತರ ದತ್ತಾಂಶವೂ ಇದೇ ಚೌಕದ್ದು, ಗುಣದಲ್ಲಿ ಮೇಲು.

ಎರಡು ತೊಡಕು ಮಾತ್ರ ಉಳಿಯುತ್ತವೆ. ಒಂದು, ಈ ಉಪಕರಣಗಳು ಕಾಡಿನಲ್ಲಿ ನೆಲವನ್ನಲ್ಲ, ಹೆಚ್ಚುಕಡಿಮೆ ಮರಗಳ ನೆತ್ತಿಯನ್ನು ಅಳೆಯುತ್ತವೆ. ಸಿಲ್ವರ್ ಓಕ್ ಬೆಳೆದ ಕಾಫಿ ತೋಟಕ್ಕೂ ಪಕ್ಕದ ಗದ್ದೆಗೂ ನಡುವೆ ಇಲ್ಲದ ದಿಣ್ಣೆಯೊಂದು ಹುಟ್ಟಿಕೊಳ್ಳುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕೊಪರ್ನಿಕಸ್ ಎತ್ತರಗಳಿಂದ ಕಾಡು, ಕಟ್ಟಡಗಳನ್ನು ಅಂದಾಜಿನಲ್ಲಿ ಕಳೆದು ಮಾಡಿದ ಪ್ರತಿ ಇದಕ್ಕೆ ಅರೆಪರಿಹಾರ. ಎರಡನೆಯ ತೊಡಕಿಗೆ ಅಂಥ ಪರಿಹಾರವೂ ಇಲ್ಲ. ಮೂವತ್ತು ಮೀಟರಿಗೊಂದು ಅಂಕಿ ಇಟ್ಟು ಅಳೆದ ಇಳಿಜಾರು, ಮೆಟ್ಟಿಲುಗಳ ಮೇಲೆ ಕಂಬಳಿ ಹೊದಿಸಿದಂತೆ. ಏರು ಕಾಣುತ್ತದೆ, ಮೆಟ್ಟಿಲು ಕಾಣದು. ಹೆದ್ದಾರಿಗಾಗಿ ನೆಟ್ಟಗೆ ಕತ್ತರಿಸಿದ ಬರೆ, ಹೋಮ್‌ಸ್ಟೇಗಾಗಿ ಸಮ ಮಾಡಿದ ಅಂಗಳ ಒಂದು ಚೌಕದೊಳಗೇ ಕರಗಿ ಹೋಗುತ್ತವೆ. ಸಾಲದ್ದಕ್ಕೆ, 2000ದಲ್ಲಿ ಅಳೆದ ಎತ್ತರದಲ್ಲಿ ಆಮೇಲೆ ಅಗಲಿಸಿದ ರಸ್ತೆ ಇರಲು ಸಾಧ್ಯವೇ ಇಲ್ಲ. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ 2030ರ ಹೊತ್ತಿಗೆ ಬೆಟ್ಟಪ್ರದೇಶಗಳಿಗೆ 1ರಿಂದ 3 ಮೀಟರ್ ಮಟ್ಟದ ಎತ್ತರ ದತ್ತಾಂಶ ಮಾಡುವ ಗುರಿ ಇಟ್ಟಿದೆ. ಘಟ್ಟಕ್ಕೆ ಅದು ಮೊದಲು ಬರಬೇಕು.

ಬೇರೆ ಬೇರೆ ಕಡೆಯಿಂದ ತಂದ ಪದರಗಳನ್ನು ಹೊಂದಿಸುವ ಕೆಲಸ ಬೇಸರದ್ದು. ತಪ್ಪುಗಳು ನುಸುಳುವುದೂ ಅಲ್ಲಿಯೇ. ಹಳೆಯ ಟೋಪೋಶೀಟ್‌ಗಳು ಎವರೆಸ್ಟ್ ಗೋಳವನ್ನು ಆಧರಿಸಿದವು, ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್-84 ಎಂಬ ಜಾಗತಿಕ ಗೋಳವನ್ನು. ಪರಿವರ್ತನೆ ಮಾಡದೆ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಹೆಚ್ಚು ಆಚೀಚೆಯಾಗುತ್ತದೆ; ಗುಡ್ಡದ ಮೇಲಿನ ಕುಸಿತ ಗದ್ದೆಯಲ್ಲಿ ಬಂದು ಕೂರುತ್ತದೆ. ಎತ್ತರದಲ್ಲೂ ಹೀಗೆಯೇ. ಕಾರ್ಟೊಸ್ಯಾಟ್‌ನ ಎತ್ತರ ಗಣಿತದ ಗೋಳದಿಂದ ಅಳೆದದ್ದು, ಅಮೆರಿಕದ ನೌಕೆಯದು ಸಮುದ್ರಮಟ್ಟಕ್ಕೆ ತಿದ್ದಿದ್ದು. ಭಾರತದ ದಕ್ಷಿಣದ ಕಡೆ ಭೂಮಿಯ ಗುರುತ್ವ ತುಸು ಕಡಿಮೆಯಿರುವುದರಿಂದ ಸಮುದ್ರಮಟ್ಟ ಆ ಗೋಳಕ್ಕಿಂತ ತೊಂಬತ್ತು ಮೀಟರಿನ ಆಸುಪಾಸು ಕೆಳಗಿದೆ. ಹೀಗಾಗಿ ತಿದ್ದದ ದತ್ತಾಂಶದಲ್ಲಿ ಕರಾವಳಿಯ ಊರುಗಳು ನೀರಿನ ಕೆಳಗೆ ಹತ್ತಾರು ಮೀಟರ್ ಆಳದಲ್ಲಿವೆ. ಇಳಿಜಾರಿನ ಲೆಕ್ಕಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿದಿರುತ್ತವೆ. ಎರಡು ಮೂಲಗಳ ತುಂಡುಗಳನ್ನು ಹೊಲಿದರೆ ಮಾತ್ರ ಹೊಲಿಗೆಯ ಗುಂಟ ತೊಂಬತ್ತು ಮೀಟರ್ ಪ್ರಪಾತ ಎದ್ದು ನಿಲ್ಲುತ್ತದೆ. ಮೀಟರಿನಲ್ಲಿ ಅಳೆಯಲು ಬಳಸುವ ಯುಟಿಎಂ ವಲಯಗಳಲ್ಲಿ ಕರ್ನಾಟಕದ ಘಟ್ಟವೆಲ್ಲ 43ನೆಯದರಲ್ಲೇ ಬರುತ್ತದೆ. ರಾಜ್ಯಕ್ಕೆಲ್ಲ ಒಂದೇ ನಕ್ಷೆ ಮಾಡಹೊರಟವರಿಗೆ ಕೋಲಾರದ ಕಡೆಯ ಅಂಚು 44ರಲ್ಲಿ ಸಿಗುತ್ತದೆ.

ಮಳೆಯ ದತ್ತಾಂಶದಲ್ಲಿ ತೊಡಕು ಸ್ಥಳದ್ದೂ ಹೌದು, ಕಾಲದ್ದೂ ಹೌದು. ಭಾರತೀಯ ಹವಾಮಾನ ಇಲಾಖೆಯ 1901ರಿಂದ ಈಚಿನ ದೈನಂದಿನ ಮಳೆಯ ಚೌಕಗಳು ಕಾಲು ಡಿಗ್ರಿಯವು, ಅಂದರೆ ಬದಿಗೆ ಸುಮಾರು 27 ಕಿಲೋಮೀಟರ್. ಭಾಗಮಂಡಲಕ್ಕೂ ಕುಶಾಲನಗರಕ್ಕೂ ಮಳೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುವ ಜಿಲ್ಲೆಯಲ್ಲಿ ಇಂಥ ಚೌಕದ ಸರಾಸರಿ ಯಾವ ಗುಡ್ಡದ ಮಳೆಯೂ ಅಲ್ಲ. ಈ ವಿಷಯದಲ್ಲಿ ಕರ್ನಾಟಕದ ಸ್ಥಿತಿ ಹಲವು ರಾಜ್ಯಗಳಿಗಿಂತ ಚೆನ್ನಾಗಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತದೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಯಲಹಂಕದ ಅದರ ಕಚೇರಿಗೆ ಬರುತ್ತದೆ. ಆದರೆ ಪಂಚಾಯಿತಿಗೊಂದು ಎಂದು ನೆಟ್ಟ ಮಾಪಕ ಸಾಮಾನ್ಯವಾಗಿ ಊರು ಇರುವಲ್ಲಿ, ಅಂದರೆ ತಗ್ಗಿನಲ್ಲಿ ಇರುತ್ತದೆ. ಕುಸಿತ ಹುಟ್ಟುವ ನೆತ್ತಿಯಲ್ಲಿ ಊರೂ ಇಲ್ಲ, ಮಾಪಕವೂ ಇಲ್ಲ.

ಕಾಲದ ತೊಡಕಿಗೆ ವಯನಾಡಿನ ಉದಾಹರಣೆಯೇ ಸಾಕು. ಹವಾಮಾನ ಇಲಾಖೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ 24 ಗಂಟೆಯ ಮಳೆಯನ್ನು ಆ ಬೆಳಗಿನ ತಾರೀಖಿಗೆ ಬರೆಯುತ್ತಾರೆ. ಗುಡ್ಡ ಕುಸಿದದ್ದು 30ರ ಬೆಳಗಿನ ಜಾವದ ಮೊದಲ ಗಂಟೆಗಳಲ್ಲಿ. ಪಟ್ಟಿಯಲ್ಲಿ 29ರ ಮಳೆ ತೆಗೆದುಕೊಂಡರೆ 29ರ ಹಗಲು, ಸಂಜೆ ಸುರಿದ, ಗುಡ್ಡವನ್ನು ಬೀಳಿಸಿದ ಮಳೆಯೇ ಬಿಟ್ಟುಹೋಗುತ್ತದೆ. 30ರದನ್ನು ತೆಗೆದುಕೊಂಡರೆ ಕುಸಿದ ಮೇಲೆ ಸುರಿದ ಮಳೆಯೂ ಕಾರಣದ ಲೆಕ್ಕಕ್ಕೆ ಬರುತ್ತದೆ. ಇಂಥ ನೂರಾರು ನಮೂದುಗಳನ್ನು ಸೇರಿಸಿ ಹಾಕಿದ ಮಳೆಯ ಮಿತಿಗೆರೆ, ಅಂದರೆ ಎಷ್ಟು ಮಳೆ ದಾಟಿದರೆ ಗುಡ್ಡ ಕುಸಿದೀತು ಎಂದು ಹೇಳುವ ಗೆರೆ, ಒಂದೋ ಎಚ್ಚರಿಕೆಯನ್ನು ತಡವಾಗಿಸುತ್ತದೆ, ಇಲ್ಲವೇ ಸುಮ್ಮಸುಮ್ಮನೆ ಕೂಗುತ್ತದೆ.

ಬಳಕೆಗೆ ಬಾರದೆ ಉಳಿದ ಒಂದು ದಾಖಲೆ ಕಾಫಿ ಬೆಳೆಗಾರರ ಮಳೆ ಡೈರಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವವರಿದ್ದಾರೆ. ಹೂಮಳೆ ಬಂತೇ, ಹಿಮ್ಮಳೆ ಸಾಕಾಯಿತೇ ಎಂಬ ಚಿಂತೆಗಾಗಿ ಶುರುವಾದ ಅಭ್ಯಾಸ ಅದು. ಈ ಡೈರಿಗಳು ಗುಡ್ಡದ ಮೇಲಿನ, ಸರ್ಕಾರದ ಮಾಪಕ ಮುಟ್ಟದ ಜಾಗಗಳ ಮಳೆಯನ್ನು ಹೇಳುತ್ತವೆ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರಿಗೆ ತರುವುದು ಕಷ್ಟವಲ್ಲ. ಮಾಪಕ ಎಲ್ಲಿತ್ತು, ಎಷ್ಟು ಹೊತ್ತಿಗೆ ಓದುತ್ತಿದ್ದರು ಎಂಬ ಎರಡು ಸಾಲನ್ನು ಜೊತೆಗೆ ಬರೆಸಿಕೊಳ್ಳುವುದೇ ಮುಖ್ಯ.

ಪದರಗಳು ಸಿದ್ಧವಾದ ಮೇಲೆ ಮಾದರಿ. ಒಂದು ಪರಂಪರೆ ಅಂಕಿಅಂಶದ್ದು: ಕುಸಿದ ಚೌಕಗಳ ಇಳಿಜಾರು, ಶಿಲೆ, ನೆಲಬಳಕೆಗಳನ್ನು ಕುಸಿಯದ ಚೌಕಗಳದರೊಡನೆ ಹೋಲಿಸಿ, ಉಳಿದ ಪ್ರದೇಶಕ್ಕೆ ಅಂಕ ಕೊಡುವುದು. ಹಿಂದೆ ಸರಳ ಅನುಪಾತಗಳಿಂದ ಮಾಡುತ್ತಿದ್ದದ್ದನ್ನು ಈಗ ರ್‍ಯಾಂಡಮ್ ಫಾರೆಸ್ಟ್‌ನಂಥ ಯಂತ್ರಕಲಿಕೆಯ ವಿಧಾನಗಳು ಮಾಡುತ್ತವೆ. ಪ್ರಬಂಧಗಳಲ್ಲಿ ಇವುಗಳ ನಿಖರತೆ ಶೇ 90 ದಾಟುವುದು ಅಪರೂಪವಲ್ಲ. ಆ ಅಂಕಿಯನ್ನು ಅನುಮಾನದಿಂದಲೇ ನೋಡಬೇಕು. ಒಂದೇ ಗುಡ್ಡದ ಅಕ್ಕಪಕ್ಕದ ಚೌಕಗಳಲ್ಲಿ ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚಿದರೆ, ಪರೀಕ್ಷೆಯ ಉತ್ತರ ಪಾಠದಲ್ಲೇ ಇರುತ್ತದೆ. ಮಡಿಕೇರಿ ಸುತ್ತಿನ ಕುಸಿತಗಳಿಂದ ಕಲಿತದ್ದನ್ನು ಉತ್ತರ ಕನ್ನಡದ ಮೇಲೆ ಪರೀಕ್ಷಿಸಿದಾಗ ಉಳಿಯುವ ಅಂಕಿಯೇ ನಂಬಿಕೆಗೆ ಅರ್ಹ. ನೆಲಬಳಕೆಯ ಪದರವೂ ಮೋಸ ಮಾಡುತ್ತದೆ: ನೆರಳಿನ ಕಾಫಿ ತೋಟ ಉಪಗ್ರಹಕ್ಕೆ ಕಾಡಿನಂತೆಯೇ ಕಾಣುವುದರಿಂದ, ತೋಟ ಕುಸಿದರೂ 'ಕಾಡು ಕುಸಿಯಿತು' ಎಂದು ಮಾದರಿ ಕಲಿತಿರುತ್ತದೆ.

ಇನ್ನೊಂದು ಪರಂಪರೆ ಭೌತಶಾಸ್ತ್ರದ್ದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಟ್ರಿಗರ್ಸ್‌ನಂಥ ತಂತ್ರಾಂಶಗಳು ಮಳೆ ಇಂಗಿದಂತೆ ಪ್ರತಿ ಚೌಕದ ಸುರಕ್ಷತಾ ಗುಣಾಂಕ ಎಷ್ಟು ಇಳಿಯಿತೆಂದು ಗಂಟೆಗಂಟೆಗೆ ಲೆಕ್ಕ ಹಾಕುತ್ತವೆ. ಅವಕ್ಕೆ ಮಣ್ಣಿನ ಆಳ, ಒಗ್ಗಟ್ಟು, ನೀರು ಇಂಗುವ ವೇಗ ಬೇಕು. ಘಟ್ಟದಲ್ಲಿ ಇವನ್ನು ಅಳೆದಿರುವ ಜಾಗಗಳು ಕಡಿಮೆ, ಅಳೆದವು ಪ್ರಬಂಧಗಳ ಪುಟಗಳಲ್ಲಿ ಉಳಿದಿವೆ. ಮೂರನೆಯ, ಎಲ್ಲಕ್ಕಿಂತ ಸರಳವಾದ ದಾರಿ ಮಳೆಯ ಮಿತಿಗೆರೆ. 1980ರಲ್ಲಿ ನೆಲ್ಸನ್ ಕೇನ್ ಜಗತ್ತಿನ 73 ಕುಸಿತಗಳ ಮಳೆಯನ್ನು ಒಂದು ಗ್ರಾಫಿನ ಮೇಲೆ ಇಟ್ಟು, ಮಳೆಯ ತೀವ್ರತೆ ಮತ್ತು ಅವಧಿಯ ನಡುವೆ ಗೆರೆ ಎಳೆದ. ಅಂಥ ಗೆರೆ ಪ್ರತಿ ಪ್ರದೇಶಕ್ಕೂ ಬೇರೆ ಬೇಕು, ಅದಕ್ಕೆ ಗಂಟೆ ಸಹಿತವಾದ ಕುಸಿತಪಟ್ಟಿ ಬೇಕು. ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆಗೂಡಿ ಜಿಎಸ್‌ಐ 2020ರ ಮಳೆಗಾಲದಿಂದ ಡಾರ್ಜಿಲಿಂಗ್ ಮತ್ತು ನೀಲಗಿರಿಗಳಿಗೆ ಪ್ರಾಯೋಗಿಕ ಮುನ್ಸೂಚನೆ ಕೊಡುತ್ತ ಬಂದಿದೆ; ಕೋಲ್ಕತ್ತದ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾದದ್ದು 2024ರ ಜುಲೈ 19ರಂದು, ಶಿರೂರಿಗೂ ವಯನಾಡಿಗೂ ನಡುವಿನ ದಿನಗಳಲ್ಲಿ.

ಮಾದರಿಯಿಂದ ಹೊರಬಂದ ನಕ್ಷೆಯನ್ನು ಓದುವ ಬಗೆಯೂ ದತ್ತಾಂಶದ ವಿಷಯವೇ. ಜಿಎಸ್‌ಐ 2014ರಿಂದ ಕೈಗೊಂಡ ರಾಷ್ಟ್ರೀಯ ಕುಸಿತ ಸಂಭಾವ್ಯತಾ ನಕ್ಷೆಗಳು 1:50,000 ಪ್ರಮಾಣದವು. ಅವುಗಳಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ತಾಲ್ಲೂಕಿನ ಯಾವ ಭಾಗಕ್ಕೆ ಹೆಚ್ಚು ಗಮನ ಬೇಕು ಎಂದು ಹೇಳಲು ಅವು ತಕ್ಕವು. ಒಂದು ಮನೆಯ ನಿವೇಶನ ಕೆಂಪಿನಲ್ಲಿದೆಯೋ ಹಸಿರಿನಲ್ಲಿದೆಯೋ ಎಂದು ತೀರ್ಮಾನಿಸಲು ಅಲ್ಲ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿದಾಗ ಬಣ್ಣದ ಗೆರೆ ದೊಡ್ಡದಾಗುತ್ತದೆ, ಮಾಹಿತಿ ಹೆಚ್ಚಾಗುವುದಿಲ್ಲ. ಮತ್ತೆ ಈ ನಕ್ಷೆಗಳು ಎಲ್ಲಿ ಎಂದಷ್ಟೇ ಹೇಳುತ್ತವೆ, ಯಾವಾಗ ಎಂದಲ್ಲ. ಕೆಸರು ಎಷ್ಟು ದೂರ ಓಡೀತು ಎಂದೂ ಅಲ್ಲ.

ಹಂಚಿಕೆಯ ಇತಿಹಾಸ ಸಂಕೋಚದ ಇತಿಹಾಸ. 1767ರಲ್ಲಿ ಹುಟ್ಟಿದ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳು ಬಹುಕಾಲ ರಕ್ಷಣೆಯ ಕಾರಣಕ್ಕೆ ಬಿಗಿಯಾಗಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಸೇನೆಗೊಂದು, ಸಾರ್ವಜನಿಕರಿಗೊಂದು ಎಂದು ಎರಡು ಸರಣಿ ಮಾಡಿತು. 2012ರಲ್ಲಿ ಸರ್ಕಾರಿ ದತ್ತಾಂಶ ಹಂಚಿಕೆಯ ನೀತಿ ಬಂತು. ದೊಡ್ಡ ತಿರುವು 2021ರ ಫೆಬ್ರುವರಿ 15ರ ಮಾರ್ಗಸೂಚಿ: ಭಾರತೀಯರು ನಕ್ಷೆ ಮಾಡಲು, ದತ್ತಾಂಶ ಕೂಡಿಡಲು, ಹಂಚಲು ಪೂರ್ವಾನುಮತಿ ಬೇಕಿಲ್ಲವೆಂದು ಅದು ಹೇಳಿತು. ಕಾನೂನಿನ ಬೀಗ ಹೀಗೆ ತೆರೆಯಿತು. ಅಭ್ಯಾಸದ ಬೀಗ ಹಾಗೆಯೇ ಇದೆ. ಅನೇಕ ಸರ್ಕಾರಿ ತಾಣಗಳು ನಕ್ಷೆಯ ಚಿತ್ರವನ್ನು ತೋರಿಸುತ್ತವೆ, ಅದರ ಹಿಂದಿನ ಅಂಕಿಯನ್ನು ಕೊಡುವುದಿಲ್ಲ. ಪಿಡಿಎಫ್‌ನೊಳಗಿನ ನಕ್ಷೆಯನ್ನು ಕಣ್ಣು ಓದಬಲ್ಲದು, ಮಾದರಿ ಓದಲಾರದು. ಕೊಟ್ಟಾಗಲೂ ತೊಡಕಿದೆ. ಹಳೆಯ ಶೇಪ್‌ಫೈಲ್ ಎಂಬ ರೂಪದಲ್ಲಿ ಒಂದು ಪದರ ಎಂದರೆ ಕನಿಷ್ಠ ಮೂರು ಕಡತ. ಯಾವ ಗೋಳ, ಯಾವ ವಲಯ ಎಂದು ಹೇಳುವುದು ನಾಲ್ಕನೆಯದು. ಇಮೇಲಿಗೆ ಅಂಟಿಸುವಾಗ ಬಿಟ್ಟುಹೋಗುವುದು ಆ ನಾಲ್ಕನೆಯದೇ. ಕನ್ನಡದ್ದೇ ಆದ ಒಂದು ಫಜೀತಿಯೂ ಇದೆ: ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಊರಿನ ಹೆಸರುಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತವೆ. ಕಂದಾಯದವರ ಗ್ರಾಮ, ಜನಗಣತಿಯ ಗ್ರಾಮ, ಪಂಚಾಯಿತಿಯ ಗ್ರಾಮ ಮೂರಕ್ಕೂ ಬೇರೆ ಸಂಕೇತಸಂಖ್ಯೆಗಳಿರುವಾಗ, ಹೆಸರೂ ಕೈಕೊಟ್ಟರೆ ಕೋಷ್ಟಕಗಳನ್ನು ಜೋಡಿಸುವ ದಾರಿ ಉಳಿಯುವುದಿಲ್ಲ.

ಹಂಚದಿರಲು ತಾಂತ್ರಿಕವಲ್ಲದ ಕಾರಣಗಳೂ ಇವೆ. ಅಪಾಯದ ನಕ್ಷೆ ಹೊರಬಂದರೆ ನೆಲದ ಬೆಲೆ ಇಳಿಯುತ್ತದೆ, ಅನುಮತಿ ಕೊಟ್ಟವರ ಮೇಲೆ ಪ್ರಶ್ನೆ ಏಳುತ್ತದೆ. ಘಟ್ಟದ ಜನರ ಅಂಜಿಕೆಗೆ ಇತ್ತೀಚಿನ ಇತಿಹಾಸವೂ ಇದೆ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಘಟ್ಟವನ್ನು ಬದಿಗೆ ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ ಅಂಕ ಹಾಕಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ 24 ಮೀಟರಿನ ಉಪಗ್ರಹ ಚಿತ್ರದಿಂದ ಶುರುಮಾಡಿ, ಘಟ್ಟದ ಶೇ 37ರಷ್ಟನ್ನು ಸೂಕ್ಷ್ಮವೆಂದು ಗುರುತಿಸಿ, ಕೊನೆಗೆ ಗ್ರಾಮವನ್ನು ಘಟಕವಾಗಿ ಹಿಡಿಯಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೂಕ್ಷ್ಮವಾದ ಚಿತ್ರ ಒರಟಾದ ಘಟಕಕ್ಕೆ ಸೇರಿದ ಕೂಡಲೇ ಇಡೀ ಗ್ರಾಮ ಒಂದೇ ಬಣ್ಣವಾಯಿತು, ಅದರಲ್ಲಿನ ತೋಟ, ಗದ್ದೆ, ಪೇಟೆ ಎಲ್ಲವೂ. ವಿರೋಧಕ್ಕೆ ರಾಜಕೀಯ ಕಾರಣಗಳು ಸಾಕಷ್ಟಿದ್ದವು. ನಕ್ಷೆಯ ಘಟಕ ಅದಕ್ಕೊಂದು ನ್ಯಾಯವಾದ ನೆಪವನ್ನೂ ಒದಗಿಸಿತು.

ತಕ್ಷಣದ ಹಂಚಿಕೆಗೆ ಬೇರೆಯೇ ಬೆಲೆಯಿದೆ. ವಯನಾಡಿನ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯ ತುಂಬ ಸ್ಥಳೀಯರು ಓದುವ ಮಳೆಮಾಪಕಗಳ ಜಾಲ ಕಟ್ಟಿದೆ. ಕುಸಿತದ ಹಿಂದಿನ ದಿನವೇ, ಬಿದ್ದ ಮಳೆಯನ್ನು ನೋಡಿ ಅಪಾಯವಿದೆಯೆಂದು ಜಿಲ್ಲಾಡಳಿತಕ್ಕೆ ತಿಳಿಸಿದ್ದಾಗಿ ಆ ಸಂಸ್ಥೆ ಹೇಳಿದೆ. ಅಲ್ಲಿ ದೊಡ್ಡ ಕಂಪ್ಯೂಟರ್ ಇರಲಿಲ್ಲ. ಹತ್ತಿರ ಹತ್ತಿರ ಇಟ್ಟ ಮಾಪಕಗಳಿದ್ದವು, ಹಿಂದಿನ ಕುಸಿತಗಳ ನೆನಪಿತ್ತು. ದೂರದ ಉಪಗ್ರಹಗಳೂ ಹಂಚಿಕೆಯಿಂದಲೇ ಉಪಯೋಗಕ್ಕೆ ಬರುತ್ತವೆ. ದುರಂತದ ಹೊತ್ತಿನಲ್ಲಿ ಚಿತ್ರಗಳನ್ನು ಪುಕ್ಕಟೆ ಕೊಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಸ್ರೊ 2001ರಲ್ಲೇ ಸೇರಿದೆ. ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಹಾರಿತು. ಉದ್ದ ಅಲೆಯ ರಾಡಾರ್‌ನಿಂದ ಎಲೆಗಳ ಹೊದಿಕೆಯ ಕೆಳಗೂ ನೋಡಿ, 12 ದಿನಕ್ಕೊಮ್ಮೆ ನೆಲದ ಸೆಂಟಿಮೀಟರ್ ಮಟ್ಟದ ಚಲನೆ ಅಳೆಯುವುದು ಅದರ ಉದ್ದೇಶ, ದತ್ತಾಂಶ ಎಲ್ಲರಿಗೂ ಮುಕ್ತ. ನಿಧಾನಕ್ಕೆ ತೆವಳುವ ಗುಡ್ಡಗಳನ್ನು ಅದು ಹಿಡಿದೀತು. ಒಂದೇ ರಾತ್ರಿಯಲ್ಲಿ ಒಡೆಯುವ ಗುಡ್ಡ ಅದರ ಕೈಗೂ ಸಿಗುವುದಿಲ್ಲ.

ಹಾಗಾಗಿ ನೆಲದ ಮೇಲಿನ ದಾಖಲೆಗೇ ಮರಳಬೇಕಾಗುತ್ತದೆ. ಒಂದು ಕುಸಿತದ ಬಳಕೆಗೆ ಬರುವ ನಮೂದಿನಲ್ಲಿ ಇರಬೇಕಾದದ್ದು ಹೆಚ್ಚೇನಲ್ಲ: ನೆತ್ತಿಯ ಅಕ್ಷಾಂಶ ರೇಖಾಂಶ, ಕೆಸರು ನಿಂತ ಜಾಗದ್ದೂ, ಬಿದ್ದ ತಾರೀಖು ಮತ್ತು ಗಂಟೆ, ಗೊತ್ತಿಲ್ಲದಿದ್ದರೆ ಯಾವ ಎರಡು ಹೊತ್ತುಗಳ ನಡುವೆ ಎಂಬುದು, ಬರೆಯೋ, ಗುಡ್ಡವೋ, ಕೆಸರಿನ ಪ್ರವಾಹವೋ, ಅಂದಾಜು ಉದ್ದ ಅಗಲ, ಬುಡವನ್ನು ಕತ್ತರಿಸಲಾಗಿತ್ತೇ, ತೋಡು ಮುಚ್ಚಿತ್ತೇ, ನೋಡಿದವರು ಯಾರು, ಎಷ್ಟು ದೂರದಿಂದ. ಲೋಕೋಪಯೋಗಿ ಇಲಾಖೆಯ ಇಂಜಿನಿಯರು ಮಣ್ಣು ತೆರವಿಗೆ ಬಿಲ್ಲು ಬರೆಯುವಾಗ ಇದರ ಅರ್ಧ ಮಾಹಿತಿ ಹೇಗೂ ಬರೆದಿರುತ್ತಾರೆ, ಗ್ರಾಮ ಆಡಳಿತಾಧಿಕಾರಿ ಪರಿಹಾರದ ಮಹಜರಿನಲ್ಲಿ ಇನ್ನರ್ಧ ಬರೆದಿರುತ್ತಾರೆ. ಒಂದು ಇಲಾಖೆಯ ಬಿಲ್ಲು, ಇನ್ನೊಂದರ ಮಹಜರು, ಯಲಹಂಕದ ಹದಿನೈದು ನಿಮಿಷದ ಮಳೆ, ಜಿಎಸ್‌ಐನ ಶಿಲಾನಕ್ಷೆ ಇವು ನಾಲ್ಕೂ ಒಂದೇ ಕ್ರಮಸಂಖ್ಯೆಯಡಿ ಸೇರಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇದ್ದರೆ ಘಟ್ಟಕ್ಕೆ ಅದರದೇ ಮಳೆಯ ಮಿತಿಗೆರೆ ಎಳೆಯಲು ಬೇಕಾದ ಸರಕು ಕೆಲವು ಮಳೆಗಾಲಗಳಲ್ಲಿ ಕೂಡುತ್ತದೆ.